ಚಲಿಸುವ ಮನೆಯ ಮಾಳಿಗೆ

೨೦೨೩ರ ಆಗಸ್ಟ್ ತಿಂಗಳಲ್ಲಿ ನಾನು ಅಮೆರಿಕೆಯ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ತಂಗಿಯ ಮಗನ ಮನೆಯಲ್ಲಿದ್ದೆನು. ಅಲ್ಲಿಂದ ದಕ್ಷಿಣಕ್ಕೆ ಸುಮಾರು ೪೦೦ ಕಿಲೋಮೀಟರು ದೂರದ ಕ್ರೇಟರ್ ಲೇಕ್ ಸರೋವರವನ್ನು ಸಂದರ್ಶಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕಾಗಿ ಅವನು ಹಳೆಯದೊಂದು ಕ್ಯಾಂಪರ್ ಕೊಂಡಿದ್ದನು. ಒಲೆ, ಹಾಸಿಗೆ, ನೀರಿನ ತೊಟ್ಟಿಗಳುಳ್ಳ ಆ ವಾಹನವು ಚಲಿಸುವ ಮನೆಯೇ ಸರಿ.

ಹೊರಡುವ ಹಿಂದಿನ ದಿನ ಮಕ್ಕಳ ಹಾಸಿಗೆಯ ಮೇಲಣ ಛಾವಣಿಯಲ್ಲಿ ಕಂದು ಕಲೆಯೊಂದು ಕಂಡಿತು. ಬೆರಳಿನಿಂದ ಒತ್ತಿದರೆ ಹಲಗೆ ತಗ್ಗುತ್ತಿತ್ತು. ರಜೆಯಿದ್ದುದು ಐದೇ ದಿನ. "ಸಿಲಿಕೋನ್ ಬಳಿದು ಹೊರಟುಬಿಡೋಣ" ಎಂದನು ಅಳಿಯ. ನೆರೆಮನೆಯ ವೃದ್ಧ ಬಡಗಿ ತಡೆದನು. ಸಿಲಿಕೋನಿನ ಮೇಲೆ ಮುಂದೆ ಬೇರಾವ ಅಂಟೂ ಸರಿಯಾಗಿ ಹಿಡಿಯದು; ಕಲೆಯಿದ್ದಲ್ಲಿಯೇ ಬಿರುಕು ಇರಬೇಕೆಂಬ ನಿಯಮವೂ ಇಲ್ಲವೆಂದನು.

ಏಣಿ ಹತ್ತಿ ನೋಡಲಾಗಿ ರಬ್ಬರಿನ ಹೊದಿಕೆ ಗಟ್ಟಿಯಾಗಿಯೇ ಇತ್ತು. ಕಲೆಯಿಂದ ಮೂರು ಅಡಿ ಆಚೆ, ಗವಾಕ್ಷಿಯ ಅಂಚಿನ ಅಂಟು ಬಿಸಿಲಿಗೆ ಒಣಗಿ ಸೀಳಿತ್ತು. ದೋಷವಿದ್ದುದು ಸಂದಿನಲ್ಲಿ.

ಗವಾಕ್ಷಿಯನ್ನು ಬಿಚ್ಚಿ, ಕೊಳೆತ ಪ್ಲೈವುಡ್ಡನ್ನು ಕತ್ತರಿಸಿ ತೆಗೆದು, ಎರಡು ದಿನ ಫ್ಯಾನಿನ ಗಾಳಿಯಲ್ಲಿ ಒಣಗಿಸಿದರು. ತೇವವನ್ನು ಒಳಗಿಟ್ಟು ಮುಚ್ಚಿದರೆ ಕೊಳೆಯುವಿಕೆ ನಿಲ್ಲದಷ್ಟೆ. ಮೂರನೆಯ ದಿನ ಹೊಸ ಹಲಗೆ ಕೂಡಿಸಿ, ರಬ್ಬರನ್ನು ಸಾಬೂನಿನ ನೀರಿನಿಂದ ತೊಳೆದರು. ಪೆಟ್ರೋಲಿಯಂ ದ್ರಾವಕಗಳು ಅದನ್ನು ಕೆಡಿಸುತ್ತವೆ. ಅದು ಒಣಗಿದ ಬಳಿಕ ಗವಾಕ್ಷಿಯ ಅಂಚಿನ ಕೆಳಗೆ ಬ್ಯೂಟೈಲ್ ಪಟ್ಟಿಯಿಟ್ಟು ತಿರುಪು ಬಿಗಿದು, ಪ್ರತಿ ತಿರುಪಿನ ಮೇಲೂ ತಾನಾಗಿ ಸಮನಾಗಿ ಹರಡುವ ಅಂಟನ್ನು ಸುರಿದರು.

ನಮ್ಮ ಬಳ್ಳಾರಿ ಸೀಮೆಯ ಮಾಳಿಗೆಮನೆಗಳು ನನಗೆ ನೆನಪಾದವು. ಮುಂಗಾರಿಗೆ ಮುನ್ನವೇ ಹಿರಿಯರು ಮೇಲೇರಿ, ಬಿರುಕು ಹುಡುಕಿ, ಚೌಳುಮಣ್ಣು ಹರಡುತ್ತಿದ್ದರು. ಸಾಮಗ್ರಿ ಬೇರೆ, ಎಚ್ಚರ ಒಂದೇ. ಸೋರಿದ ಮೇಲೆ ಏಣಿ ಹುಡುಕುವವನಿಗೆ ಕೆಲಸ ಇಮ್ಮಡಿ. ವರ್ಷಕ್ಕೆ ಎರಡು ಬಾರಿಯಾದರೂ ಛಾವಣಿಯ ಸಂದುಗಳನ್ನು ನೋಡಬೇಕೆಂದು ಬಡಗಿಯೂ ಹೇಳಿದನು.

ಐದರಲ್ಲಿ ಮೂರು ದಿನ ಕಳೆದಿದ್ದವು. ಮಕ್ಕಳ ಮುಖ ಬಾಡಿತ್ತು. ಉಳಿದೆರಡು ದಿನಗಳಲ್ಲಿಯೇ ಸರೋವರವನ್ನು ಕಂಡೆವು. ಸುಮಾರು ೭,೭೦೦ ವರ್ಷಗಳ ಹಿಂದೆ ಮಜಾಮಾ ಅಗ್ನಿಪರ್ವತ ಕುಸಿದು ಉಂಟಾದ ಆ ಹೊಂಡದ ಆಳ ೫೯೨ ಮೀಟರು. ಅದಕ್ಕೆ ಬಂದು ಸೇರುವ ನದಿಯಿಲ್ಲ, ಹೊರಡುವ ನದಿಯೂ ಇಲ್ಲ. ಮಳೆ ಹಿಮಗಳೇ ಅದನ್ನು ತುಂಬಿವೆ. ಆ ನೀಲಿಯನ್ನು ನೋಡುತ್ತ ಮಕ್ಕಳು ಮುನಿಸು ಮರೆತರು.

ಅಂದು ರಾತ್ರಿ ಮಳೆ ಸುರಿಯಿತು. ಮಕ್ಕಳು ಗಾಢವಾಗಿ ನಿದ್ರಿಸಿದರು. ಅಳಿಯನು ಮಾತ್ರ ಎರಡು ಬಾರಿ ಎದ್ದು, ಕತ್ತಲಲ್ಲಿ ಕೈಚಾಚಿ ಛಾವಣಿಯನ್ನು ಮುಟ್ಟಿ ನೋಡಿದನು. ಎರಡು ಬಾರಿಯೂ ಅವನ ಅಂಗೈ ಒಣಗಿಯೇ ಇತ್ತು.