ಎರಡು ಬೆರಳಿನಷ್ಟು ಆಟ

ನಮ್ಮ ಪಿಕಪ್ಪಿನ ಸ್ಟೇರಿಂಗಿಗೆ ಆಟ ಹೆಚ್ಚಾಗಿದೆ ಎನ್ನುವುದು ನನಗಿಂತ ಮೊದಲು ಹೊಳೆದದ್ದು ನನ್ನ ಹೆಂಡತಿಗೆ. ಗುಬ್ಬಿಯ ತೋಟದಿಂದ ತೆಂಗಿನಕಾಯಿ ತುಂಬಿಕೊಂಡು ತುಮಕೂರಿಗೆ ಬರುತ್ತಿದ್ದೆವು. ರಸ್ತೆ ನೇರವಾಗಿತ್ತು, ನನ್ನ ಕೈ ಮಾತ್ರ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇತ್ತು. ‘ಇದೇನ್ರೀ, ಹಳೇ ಸಿನಿಮಾದಲ್ಲಿ ಹೀರೋ ಕಾರು ಓಡಿಸ್ದಂಗೆ?’ ಎಂದಳು. ಸ್ಟುಡಿಯೋದೊಳಗೆ ನಿಂತ ಕಾರು, ಹಿಂದೆ ಪರದೆಯ ಮೇಲೆ ಓಡುವ ಮರಗಳು, ಹೀರೋ ಸುಮ್ಮನೆ ಚಕ್ರ ತಿರುವುತ್ತಾ ಹಾಡುವುದು. ನನ್ನ ಕಷ್ಟ ಅವಳಿಗೆ ಹಾಗೆ ಕಂಡಿತ್ತು.

ಈ ಗಾಡಿ ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಮುಂದೆ ನೋಡಿದರೆ ಜೀಪು, ಹಿಂದೆ ನೋಡಿದರೆ ಎತ್ತಿನ ಗಾಡಿಯ ತೊಟ್ಟಿ. ಮಹೀಂದ್ರಾದವರು 1947ರಿಂದ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಬಿಡಿಬಿಡಿಯಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರಲ್ಲ, ಅದೇ ವಂಶದ ಕುಡಿ. ಆ ಕಂಪನಿ 1945ರಲ್ಲಿ ಹುಟ್ಟಿದಾಗ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ದೇಶ ಒಡೆದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಹೆಸರಿನ ಎರಡನೆಯ ‘ಎಂ’ ಮಾತ್ರ ‘ಮಹೀಂದ್ರಾ’ ಎಂದು ಬದಲಾಗಿ ಉಳಿದುಕೊಂಡಿತು. ಬಿಚ್ಚುವುದು, ಜೋಡಿಸುವುದು ಈ ಗಾಡಿಗಳಿಗೆ ಹುಟ್ಟಿನಿಂದಲೇ ಬಂದದ್ದು ಅಂತ ನೆನೆಸಿಕೊಂಡು ನಾನು ಧೈರ್ಯ ತಂದುಕೊಂಡೆ.

ಅಪ್ಪನ ಕಾಲದಿಂದ ಗಾಡಿ ನೋಡುತ್ತಿದ್ದ ಮೇಸ್ತ್ರಿಗೆ ಈಗ ಕಣ್ಣು ಮಂಜು, ಮೊಣಕಾಲು ನೋವು. ಗಾಡಿ ಕೆಳಗೆ ಮಲಗುವ ಕಾಲ ಮುಗಿಯಿತು. ‘ನೀನೇ ಬಿಚ್ಚಪ್ಪ, ನಾನ್ ಕುಂತ್ಕಂಡು ಯೋಳ್ತೀನಿ’ ಎಂದು ನಮ್ಮ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡರು. ಬಿಚ್ಚಿದ್ದನ್ನೆಲ್ಲ ಗೋಣಿತಾಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಬೇಕು ಎಂಬುದು ಅವರ ಮೊದಲ ಶಾಸನ. ಹಾರನ್ ಬಟನ್ನು, ಅದರ ಕೆಳಗಿನ ಸ್ಪ್ರಿಂಗು, ಬಟ್ಟಲು, ದೊಡ್ಡ ನಟ್ಟು. ಸ್ಟೇರಿಂಗಿನ ಚಕ್ರ ಮಾತ್ರ ಪುಲ್ಲರ್ ಹಾಕಿದರೂ ಅಲುಗಲಿಲ್ಲ. ಬಿಗಿ ಕೊಟ್ಟು ಮೇಲಿಂದ ಒಂದೇ ಒಂದು ಸುತ್ತಿಗೆ ಏಟು ಹಾಕಿಸಿದರು. ಟಪ್ ಅಂತ ಬಂತು. ಬಲು ವರ್ಷದ ಬೆವರು, ಮಣ್ಣು, ಗ್ರೀಸು ಕಪ್ಪಗೆ ಹಲ್ಲುಗಳಲ್ಲಿ ಕೂತಿತ್ತು. ಅದರಲ್ಲಿ ಅಪ್ಪನ ಬೆವರೂ ಇದ್ದೀತು ಎಂದು ಯೋಚಿಸುವಷ್ಟರಲ್ಲಿ ಮೇಸ್ತ್ರಿ ಸೀಮೆಎಣ್ಣೆ ಹಾಕಿ ತಿಕ್ಕು ಎಂದರು.

ಸ್ಟೇರಿಂಗ್ ಬಾಕ್ಸಿನ ಸೈಡ್ ಕವರ್ ತೆಗೆದಾಗಲೇ ನನಗೆ ನಿಜವಾದ ಬೆರಗು. ಸ್ಟೇರಿಂಗಿನ ಚಕ್ರದಿಂದ ಕೆಳಗಿಳಿದ ಕಂಬಿಯ ತುದಿಯಲ್ಲಿ ಹೆಬ್ಬಾವು ಸುತ್ತಿದಂತೆ ತೋಡು ಕೊರೆದ ದಪ್ಪ ಕ್ಯಾಮ್. ಅದಕ್ಕೆ ಅಡ್ಡಲಾಗಿ ಒಂದು ಶಾಫ್ಟು, ಅದರ ಕೈಗೆ ಎರಡು ಮೊಳೆ. ಚಕ್ರ ತಿರುಗಿಸಿದರೆ ಮೊಳೆಗಳು ತೋಡಿನಲ್ಲಿ ಜಾರುತ್ತವೆ, ಶಾಫ್ಟು ತಿರುಗುತ್ತದೆ, ಅದರ ಇನ್ನೊಂದು ತುದಿಯ ಡ್ರಾಪ್ ಆರ್ಮ್ ಸರಳುಗಳನ್ನು ಎಳೆದು ಗಾಲಿ ತಿರುಗಿಸುತ್ತದೆ. ಇಷ್ಟೇ. ಆದರೆ ಈ ತೋಡಿನ ಆಳ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಡುಮಧ್ಯೆ, ಅಂದರೆ ಗಾಡಿ ನೇರ ಹೋಗುವಾಗ ಮೊಳೆ ಕೂರುವ ಜಾಗದಲ್ಲಿ, ಬೇಕೆಂದೇ ಒಂಚೂರು ಕಡಿಮೆ ಕೊರೆದಿರುತ್ತಾರೆ.

ಕಾರಣ ಮೇಸ್ತ್ರಿ ಹೇಳಿದರು. ತಿರುವು ಎಷ್ಟಿದ್ದಾವು? ಗಾಡಿಯ ಆಯುಸ್ಸೆಲ್ಲ ಕಳೆಯುವುದು ನೇರ ಹೋಗುವುದರಲ್ಲೇ. ಹಾಗಾಗಿ ಸವೆಯುವುದೂ ನಡುಮಧ್ಯೆಯೇ. ಸವೆದ ಮೇಲೆ ಬಿಗಿ ಮಾಡಬೇಕಲ್ಲ, ಆಗ ಅಲ್ಲಿ ಲೋಹ ಉಳಿದಿರಬೇಕು. ನಡುವೆ ಬಿಗಿ ಮಾಡಿದರೆ ಅಂಚುಗಳಲ್ಲಿ ಸಡಿಲ ಇರುತ್ತದೆ, ತೊಂದರೆಯಿಲ್ಲ. ಅಂಚಿಗೆ ತಿರುಗಿಸಿಟ್ಟು ಬಿಗಿ ಮಾಡಿದೆಯೋ, ನಡುವಿಗೆ ಬಂದಾಗ ಕಚ್ಚಿಕೊಳ್ಳುತ್ತದೆ. ನಮ್ಮ ಬಾಕ್ಸಿನ ಕ್ಯಾಮ್ ನಡುವೆ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತುದಿಗಳಲ್ಲಿ ಇನ್ನೂ ಹೊಸತರ ಗೀರು ಹಾಗೇ ಇತ್ತು. ಸರಿಯಾಗಿ ನೋಡಿದರೆ ಅದು ಬಿ.ಎಚ್. ರಸ್ತೆಯ ನಕಾಶೆ. ಬೆಂಗಳೂರು–ಹೊನ್ನಾವರ ಎಂದು ಆ ಹೆಸರನ್ನು ಬಿಡಿಸಿ ಹೇಳುವವರೂ ಈಗ ಕಡಿಮೆ. ಹೊನ್ನಾವರ ಕಾಣದ ನಮ್ಮ ಪಿಕಪ್ಪು ಗುಬ್ಬಿ–ತುಮಕೂರು ತುಂಡನ್ನೇ ಸವೆಸಿ ತಾನೂ ಸವೆದಿತ್ತು.

ಜೋಡಿಸುವಾಗ ಎರಡು ಹಂತ. ಮೊದಲು ಕಂಬಿ ಮೇಲೆ ಕೆಳಗೆ ಆಡಬಾರದು. ಅದಕ್ಕೆ ಬಾಕ್ಸಿನ ಮೇಲ್ಮುಚ್ಚಳದ ಕೆಳಗಿರುವ ಶಿಮ್, ಅಂದರೆ ಕಾಗದದಂಥ ತಗಡಿನ ಬಳೆಗಳನ್ನು ಒಂದೊಂದೇ ತೆಗೆಯುತ್ತಾ ನೋಡಬೇಕು. ಒಂದು ಹೆಚ್ಚು ತೆಗೆದರೆ ಬೇರಿಂಗಿನ ಗುಂಡುಗಳು ನರಳುತ್ತವೆ. ಆಮೇಲೆ ಡ್ರ್ಯಾಗ್ ಲಿಂಕು, ಅಂದರೆ ಡ್ರಾಪ್ ಆರ್ಮ್ ಎಳೆಯುವ ಸರಳು, ಕಳಚಿದ್ದಂತೆಯೇ ಈ ತುದಿಯಿಂದ ಆ ತುದಿಗೆ ಚಕ್ರದ ಸುತ್ತು ಎಣಿಸಿ, ಅರ್ಧ ಹಿಂದಕ್ಕೆ ಬಂದು ನಡು ಹಿಡಿದು, ಸೈಡ್ ಕವರಿನ ಸ್ಕ್ರೂ ಬಿಗಿಯಬೇಕು. ನಡು ದಾಟುವಾಗ ಕೈಗೆ ಸಣ್ಣಗೆ ತಡೆ ಸಿಗಬೇಕು. ‘ಮೊಸರು ಕಡೆಯೋವಾಗ ಬೆಣ್ಣೆ ಸಿಕ್ತದಲ್ಲ, ಅಷ್ಟು’ ಎಂದರು ಮೇಸ್ತ್ರಿ. ನಾನು ಮಿಕ್ಸಿ ಕಾಲದವನು. ಹೆಂಡತಿಯನ್ನು ಕರೆದು ತಿರುಗಿಸಲು ಹೇಳಿದೆ. ಅವಳು ಒಂದೇ ಸಲಕ್ಕೆ ‘ಸಿಕ್ತು’ ಎಂದಳು.

ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನುಗಳ ವಿಷಯದಲ್ಲಿ ಮಾತ್ರ ಮೇಸ್ತ್ರಿ ಗದರಿದರು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ತೂರಿಸಲು ಹೋದೆ. ಪುಡಿಗಾಸಿನ ಆಸೆಗೆ ತಲೆ ಒಡೆಸಿಕೊಳ್ಳುತ್ತೀಯಾ ಎಂದರು.

ಎಲ್ಲ ಸರಿಯಾಯಿತೆಂದು ನಾಗವಲ್ಲಿ, ಹೆಬ್ಬೂರು ದಾಟಿ ಕುಣಿಗಲ್ ಕಡೆ ಹೊರಟೆ. ಆಟ ಹೋಗಿತ್ತು, ಆದರೆ ಸ್ಟೇರಿಂಗು ಕಲ್ಲಾಗಿತ್ತು. ತಿರುವಿನಲ್ಲಿ ತಿರುಗಿಸಿ ಕೈ ಬಿಟ್ಟರೆ ತಾನಾಗಿ ನೇರಕ್ಕೆ ಬರಬೇಕಾದದ್ದು ತಿರುಗಿಸಿದಲ್ಲೇ ನಿಲ್ಲುತ್ತಿತ್ತು. ಕುಣಿಗಲ್ಲಿನಲ್ಲಿ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಹತ್ತಿರ ಗಾಡಿ ನಿಲ್ಲಿಸಿ ಬೆವರು ಒರೆಸಿಕೊಂಡೆ. ಕುದುರೆಯಾದರೆ ಲಗಾಮು ಬಿಗಿಯಾದಾಗ ತಲೆ ಕೊಡವಿ ಹೇಳುತ್ತದೆ. ಈ ಕಬ್ಬಿಣಕ್ಕೆ ಆ ಸೌಲಭ್ಯವಿಲ್ಲ.

ಫೋನಿನಲ್ಲಿ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: ಡ್ಯಾಶ್‌ಬೋರ್ಡಿನ ಕ್ಲ್ಯಾಂಪ್ ಮೊದಲು ಬಿಗಿದೆಯಾ, ಛಾಸಿ ಬೋಲ್ಟು ಮೊದಲು ಬಿಗಿದೆಯಾ? ಕ್ಲ್ಯಾಂಪೇ ಮೊದಲು. ಕಣ್ಣಿಗೆ ಕಾಣುವುದು ಅದೇ ತಾನೆ! ಮೇಲೆ ಕಟ್ಟಿಹಾಕಿ ಕೆಳಗೆ ಎಳೆದರೆ ಕಂಬಿ ಬಿಲ್ಲಿನಂತೆ ಬಾಗುತ್ತದೆ, ಬೇರಿಂಗಿಗೆ ಉಸಿರುಗಟ್ಟುತ್ತದೆ. ರಸ್ತೆ ಬದಿಯಲ್ಲೇ ಪಾನಾ ತೆಗೆದು ಎರಡನ್ನೂ ಸಡಿಲಿಸಿದೆ. ಕಾಲಂ ಒಂದು ನೂಲು ಪಕ್ಕಕ್ಕೆ ಸರಿದು ತನ್ನ ಜಾಗದಲ್ಲಿ ಕೂತಿತು. ಕೆಳಗಿನದನ್ನು ಮೊದಲು ಬಿಗಿದು ಆಮೇಲೆ ಮೇಲಿನದು. ಅಷ್ಟಕ್ಕೇ ಸ್ಟೇರಿಂಗು ಹಗುರಾಯಿತು.

ಆದರೂ ಎರಡು ಬೆರಳಿನಷ್ಟು ಆಟ ಉಳಿಯಿತು. ಅದನ್ನೂ ತೆಗೆಯೋಣವೇ ಎಂದಾಗ ಮೇಸ್ತ್ರಿ ಬೇಡವೆಂದರು. ಬಾಕ್ಸಿನಾಚೆ ಬೆಲ್ ಕ್ರ್ಯಾಂಕು, ಟೈ ರಾಡ್ ತುದಿಗಳು ಎಲ್ಲ ತಮ್ಮ ಪಾಲಿನಷ್ಟು ಸವೆದಿವೆ, ಅವರೆಲ್ಲರ ತಪ್ಪನ್ನು ಒಂದೇ ಸ್ಕ್ರೂ ಮೇಲೆ ಹೊರಿಸಬಾರದಂತೆ. ‘ಗುಬ್ಬಿ ಗಾಡಿ, ಆಟ ಇಲ್ದೆ ಇರ್ತದಾ?’ ಎಂದು ನಕ್ಕರು. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರಿನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅಲ್ಲಿ ಎರಡು ಬೆರಳಿನ ಲೆಕ್ಕ ನಡೆಯಲಾರದು. ತೆಂಗಿನಕಾಯಿಗೆ ನಡೆಯುತ್ತದೆ.

ಒಂದು ತಪ್ಪು ಇನ್ನೂ ಉಳಿದಿದೆ. ಜೋಡಿಸುವ ಗಡಿಬಿಡಿಯಲ್ಲಿ ಹಾರನ್ ವೈರಿನ ಸಿಪ್ಪೆ ಎಲ್ಲೋ ಸುಲಿದು ಕಬ್ಬಿಣಕ್ಕೆ ತಗಲುತ್ತಿದೆ. ಮತ್ತೆ ಬಿಚ್ಚಲು ನನಗೆ ಮನಸ್ಸಿಲ್ಲ, ಮೇಸ್ತ್ರಿಗೆ ಕಣ್ಣಿನ ಆಪರೇಷನ್ ಇದೆ. ಹಾಗಾಗಿ ಗುಬ್ಬಿ ರಸ್ತೆಯಲ್ಲಿ ಎಡಕ್ಕೆ ತಿರುಗಿದಾಗಲೆಲ್ಲ ಕಾರಣವಿಲ್ಲದೆ ಹಾರನ್ ಹೊಡೆಯುವ ಹಸಿರು ಪಿಕಪ್ಪು ಕಂಡರೆ ದಯವಿಟ್ಟು ಬೈಯಬೇಡಿ. ಒಳಗಿರುವವನು ಬಟನ್ ಮುಟ್ಟಿರುವುದಿಲ್ಲ.