ಮೇಲಧಿಕಾರಿಯ ಬಳಿ ಪತ್ರ ಕೇಳುವ ಹೊತ್ತು

ಜಪಾನಿನ ಶಾಲೆಗಳಿಗೆ ವಿದೇಶಿ ಪದವೀಧರರನ್ನು ಇಂಗ್ಲಿಷ್ ಕಲಿಸಲು ಕರೆಸುವ ಜೆಟ್ ಯೋಜನೆ ಶುರುವಾದದ್ದು 1987ರಲ್ಲಿ. ಒಪ್ಪಂದ ವರ್ಷ ವರ್ಷಕ್ಕೂ ನವೀಕರಣ, ಹೆಚ್ಚೆಂದರೆ 5 ವರ್ಷ. ಬಂದವರಲ್ಲಿ ಹಲವರಿಗೆ ಮುಂದೆ ಸ್ನಾತಕೋತ್ತರ ಓದಿನ ಆಸೆ. ಇಕ್ಕಟ್ಟು ಶುರುವಾಗುವುದೇ ಅಲ್ಲಿ.

ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಡಿಸೆಂಬರ್, ಜನವರಿಯೊಳಗೆ ಅರ್ಜಿ ಮುಟ್ಟಬೇಕು. ‘ಮುಂದಿನ ವರ್ಷವೂ ಇರುತ್ತೀರಾ?’ ಎಂದು ಶಾಲೆಯವರು ಕೇಳುವುದೂ ಹೆಚ್ಚುಕಡಿಮೆ ಆ ಚಳಿಗಾಲದಲ್ಲೇ. ಶಿಫಾರಸು ಪತ್ರ ಕೇಳಿದರೆ ಹೊರಡುವ ಸುದ್ದಿ ಹೇಳಿದಂತೆಯೇ. ಸೀಟಿನ ಖಾತ್ರಿಯಾಗುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ.

ಆದರೂ ಬೇಗ ಹೇಳುವುದೇ ಸರಿ. ಜಪಾನಿನ ಕಚೇರಿಗಳಲ್ಲಿ ದೊಡ್ಡ ವಿಷಯವೊಂದು ಸಭೆಗೆ ಬರುವ ಮುನ್ನವೇ ಸಂಬಂಧಪಟ್ಟವರ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಮೊದಲು ಜೊತೆಯಲ್ಲಿ ಪಾಠ ಮಾಡುವ ಹಿರಿಯ ಶಿಕ್ಷಕರಿಗೆ, ನಂತರ ಉಪಮುಖ್ಯೋಪಾಧ್ಯಾಯರಿಗೆ, ಆಮೇಲೆ ಮುಖ್ಯೋಪಾಧ್ಯಾಯರಿಗೆ ತಿಳಿಸುವುದು ಒಳ್ಳೆಯದು. ಏಪ್ರಿಲ್ ಬಂತೆಂದರೆ ಸರ್ಕಾರಿ ಶಾಲೆಗಳಲ್ಲಿ ವರ್ಗಾವಣೆಯ ಕಾಲ; ಕೆಲಸವನ್ನು ಕಣ್ಣಾರೆ ಕಂಡವರೇ ಬೇರೆ ಶಾಲೆಗೆ ಹೋಗಿಬಿಡಬಹುದು.

‘ಕರಡು ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ಮೇಲಧಿಕಾರಿಗಳುಂಟು. ಅದು ಸೌಜನ್ಯದ ಮಾತೇ. ಆದರೆ ಅಭ್ಯರ್ಥಿ ತನ್ನ ಪತ್ರವನ್ನು ತಾನೇ ಬರೆಯುವುದು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸಮ್ಮತವಲ್ಲ. ತಾನು ಮಾಡಿದ ಪಾಠ, ನಡೆಸಿದ ಭಾಷಣ ಸ್ಪರ್ಧೆಗಳ ವಿವರವನ್ನು ಒಂದು ಪುಟ ಜಪಾನಿಯಲ್ಲಿ ಬರೆದುಕೊಟ್ಟು, ಪತ್ರವನ್ನು ಅವರ ಭಾಷೆಯಲ್ಲೇ ಬರೆಯಲು ವಿನಂತಿಸಬಹುದು. ಅನುವಾದ ಮಾತ್ರ ಮೂರನೆಯವರ ಕೈಯಲ್ಲಿರಲಿ.