ಉದ್ದನೆಯ ಹುಡುಗ

ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಉದ್ದನೆಯ ಹುಡುಗರಿಗೆ ಎಲ್ಲಿಲ್ಲದ ಬೆಲೆ. ದೋಟಿ ಹುಡುಕಬೇಕಾಗಿಲ್ಲ. ಕಾಲ ಮುಗಿದ ಮೇಲೆ ಅವರು ಅಟ್ಟದ ಪಾತ್ರೆ ಇಳಿಸುವುದಕ್ಕೆ, ಬಸ್ಸಿನಲ್ಲಿ ತಲೆ ಬಗ್ಗಿಸಿ ನಿಲ್ಲುವುದಕ್ಕೆ. ಇಂಥವನೊಬ್ಬ ಪಿ.ಟಿ. ಮೇಷ್ಟ್ರ ಕಣ್ಣಿಗೆ ಬಿದ್ದನೋ, ಬ್ಯಾಸ್ಕೆಟ್‌ಬಾಲ್ ತಂಡದ ಸೆಂಟರ್ ಆದನೆಂದೇ ಲೆಕ್ಕ. ಆಟ ಬರುತ್ತದೋ ಇಲ್ಲವೋ, ಅದು ಆಮೇಲಿನ ಮಾತು.

ನಮ್ಮ ನೆಂಟರ ಹುಡುಗ ಸೆಂಟರ್ ಆದದ್ದೂ ಹೀಗೇ. ಜಿಲ್ಲಾ ಮಟ್ಟದವರೆಗೆ ಅವನ ಆಟ ನೋಡುವುದೇ ಒಂದು ಸುಖ. ಮಾಲೂರಿನವರಿರಲಿ, ಮುಳಬಾಗಿಲಿನವರಿರಲಿ, ಎದುರಾಳಿಗಳು ಅವನ ಭುಜಕ್ಕೆ ಬಂದರೆ ಹೆಚ್ಚು. ರಿಂಗಿನ ಕೆಳಗೆ ನಿಂತು ಕೈ ಎತ್ತಿದರೆ ಚೆಂಡು ತಾನಾಗಿ ಬಂದು ಕೂರುತ್ತಿತ್ತು. ಸುತ್ತ ನಿಂತವರು ಕನ್ನಡ, ತೆಲುಗು ಬೆರೆಸಿ ಕೂಗುತ್ತಿದ್ದರೆ ಇವನು ಇನ್ನೊಂದು ಅಂಗುಲ ಬೆಳೆಯುತ್ತಿದ್ದ.

ವಿಭಾಗ ಮಟ್ಟದಲ್ಲಿ ಕಥೆ ಬೇರೆಯಾಯಿತು. ಬೆಂಗಳೂರು ವಿಭಾಗವೆಂದರೆ ಕೋಲಾರದಿಂದ ಶಿವಮೊಗ್ಗದವರೆಗೆ. ಸೋತವರು ಅವತ್ತೇ ಊರಿನ ಬಸ್ಸು ಹತ್ತಬೇಕು. ಎದುರು ತಂಡದ ಸೆಂಟರ್ ಇವನಿಗಿಂತ ನಾಲ್ಕು ಬೆರಳು ಗಿಡ್ಡ. ಚೆಂಡು ಬೋರ್ಡಿಗೆ ತಾಗುವ ಮೊದಲೇ ಆತ ಮಂಡಿ ಬಗ್ಗಿಸಿ, ಬೆನ್ನನ್ನು ಇವನ ತೊಡೆಗೆ ಒತ್ತಿ ನಿಂತುಬಿಡುತ್ತಿದ್ದ. ಇವನು ಮೇಲೆ ಕೈ ಚಾಚಿದ್ದೇ ಬಂತು. ದಾಳಿ ಮಾಡುವ ತಂಡದವರು ರಿಂಗಿನ ಮುಂದಿನ ಆಯತದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಅಷ್ಟೂ ಹೊತ್ತು ಇವನಿಗೆ ನೂಕಾಟಕ್ಕೇ ಸರಿಹೋಗುತ್ತಿತ್ತು. ಸಿಟ್ಟಿಗೆ ಕೈ ಬೀಸಿದ, ಸೀಟಿ ಊದಿತು. ಐದು ಫೌಲಿಗೆ ಆಟಗಾರ ಹೊರಗೆ. ಮೂರನೆಯ ಕ್ವಾರ್ಟರ್ ಮುಗಿಯುವುದರೊಳಗೆ ಇವನವು ಐದೂ ಆಗಿದ್ದವು.

“ಕುಳ್ಳ ಮಾವ ಅವನು. ಆದ್ರೂ ಜರುಗಲೇ ಇಲ್ಲ” ಅಂದ, ಬೆಂಚಿನ ಮೇಲೆ ಕೂತು.

ರಿಂಗು ನೆಲದಿಂದ 3.05 ಮೀಟರ್ ಮೇಲಿದೆ, ಎಲ್ಲರ ಕಣ್ಣೂ ಅಲ್ಲೇ. ಸೆಂಟರ್ ಆದವನ ಜಗಳವೆಲ್ಲ ಸೊಂಟದಿಂದ ಕೆಳಗೆ. 1995ರ ಎನ್‌ಬಿಎ ಫೈನಲ್‌ನಲ್ಲಿ ಒರ್ಲಾಂಡೊದ ಶಕೀಲ್ ಓನೀಲ್‌ಗೆ 23 ವರ್ಷ, ಎತ್ತರ ಏಳಡಿ ಒಂದಂಗುಲ, ಮೈಕಟ್ಟಿನ ಮಾತಂತೂ ಕೇಳಬೇಡಿ. ಎದುರಿಗೆ ಹ್ಯೂಸ್ಟನ್‌ನ ಹಕೀಮ್ ಒಲಾಜುವಾನ್, 32 ವರ್ಷದವರು. ನೈಜೀರಿಯಾದ ಲಾಗೋಸ್‌ನಲ್ಲಿ ಹುಡುಗನಾಗಿದ್ದಾಗ ಫುಟ್‌ಬಾಲ್ ಗೋಲಿಯಾಗಿ, ಹ್ಯಾಂಡ್‌ಬಾಲ್ ಆಡಿ ಪಳಗಿದ ಕಾಲುಗಳು. ಭುಜವನ್ನು ಎಡಕ್ಕೆ ಕುಣಿಸಿ ಬಲಕ್ಕೆ ತಿರುಗಿದರೆ, ತಡೆಯಲು ಬಂದವನು ಗಾಳಿಯನ್ನು ಕಾಯಬೇಕು. ಶಕೀಲ್ ಪಂದ್ಯಕ್ಕೆ ಸರಾಸರಿ 28 ಪಾಯಿಂಟ್ ಗಳಿಸಿಯೂ ತಂಡ 4-0ಯಿಂದ ಸೋತಿತು. ಶಕೀಲ್ ಅವರು ಮೊದಲ ಪಟ್ಟ ಕಂಡದ್ದು 2000ದಲ್ಲಿ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ ತಂಡ ಆರಿಸಿಕೊಂಡಿತು. ಏಳಡಿ ಎರಡಂಗುಲವಿದ್ದೂ ಎನ್‌ಬಿಎ ಪಂದ್ಯವೊಂದರಲ್ಲೂ ಅಂಗಳಕ್ಕಿಳಿಯಲಾಗಲಿಲ್ಲ.

ಇಷ್ಟೆಲ್ಲ ಹೇಳಿದರೆ ಹುಡುಗನ ಅಜ್ಜಿ ಕೇಳಬೇಕಲ್ಲ. ರಾಗಿಮುದ್ದೆ ಇನ್ನೊಂದು ಬಡಿಸಿದರೆ ಸರಿಹೋಗುತ್ತದೆ ಎಂಬುದು ಅವರ ತೀರ್ಪು. ಮೇಷ್ಟ್ರದ್ದು ಬೇರೆ ದಾರಿ. ಸಂಜೆ ಹೊತ್ತು ಅವನನ್ನು ಕಬಡ್ಡಿ ಅಂಕಣಕ್ಕೆ ಅಟ್ಟಿದ್ದಾರೆ, ಬಗ್ಗಿ ನಿಲ್ಲುವುದು ಕಲಿಯಲಿ ಅಂತ. ಕಬಡ್ಡಿ ಹುಡುಗರಿಗೆ ಹಿಡಿಸಲಾರದಷ್ಟು ಖುಷಿ; ಹಿಡಿಯಲು ಅಷ್ಟುದ್ದದ ಕಾಲು ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.